ಶಂಕ್ರೆವ್ವನ ಹೆಸರು ಬಿಟ್ಟುಕೊಡಿ

ಇಂಡಿ
೧೨ ಮಾರ್ಚ್ ೨೦೦೬

ಇಂಟರ್‌ನೆಟ್ ಹೆಸರು ಮಾರುವ ಕಂಪನಿಯ ಸಾಹೇಬರಿಗೆ ಶಂಕ್ರೆವ್ವನ ಶರಣು.

ನಮ್ಮ ಲಿಂಬೆ ಉಪ್ಪಿನಕಾಯಿಗೆ ಒಂದು ವೆಬ್‌ಸೈಟ್ ಮಾಡಬೇಕೆಂದು ಮೊಮ್ಮಗಳು ರಾಜಶ್ರೀ ನಿಮ್ಮಲ್ಲಿ ನನ್ನ ಹೆಸರು ಹಾಕಿ ನೋಡಿದಳು. ಆ ಹೆಸರನ್ನು ಇನ್ನೂ ಯಾರೂ ಕೊಂಡಿಲ್ಲ, ಖಾಲಿ ಇದೆ ಎಂದು ತೋರಿಸಿತು. ಮರುದಿನ ದುಡ್ಡು ಕಟ್ಟಲು ಹೋದರೆ, ಆ ಹೆಸರನ್ನು ನೀವೇ ಹಿಡಿದುಕೊಂಡು ಹತ್ತು ಪಟ್ಟು ಬೆಲೆ ಕೇಳಿದಿರಿ.

"ಆಯಿ, ನಾ ಕೇಳಿದ್ದ ತಪ್ಪಾತು," ಎಂದು ಹುಡುಗಿ ಅತ್ತಳು.

"ನಿಂದೇನ್ ತಪ್ಪೈತಿ? ಕೇಳಿಸ್ಕೊಂಡಾಂವ ಕಳ್ಳ," ಎಂದೆ.

ನಮ್ಮಲ್ಲಿ ಕೂಸಿನ ಹೆಸರನ್ನು ಸೋದರತ್ತೆ ಮೊದಲು ಅದರ ಕಿವಿಯಲ್ಲಿ ಹೇಳುತ್ತಾಳೆ. ಪಕ್ಕದಲ್ಲಿ ಕೂತು ಕೇಳಿಸಿಕೊಂಡವರು ಅದನ್ನು ಎತ್ತಿಕೊಂಡು ಹೋಗಿ ಮಾರುವುದಿಲ್ಲ. ನಿಮ್ಮ ಮನೆಯ ಯಾವ ಕೂಸಿಗೆ ಶಂಕ್ರೆವ್ವ ಎಂದು ಹೆಸರಿಟ್ಟಿರಿ? ತಿಳಿಸಿ, ಕೂಸಿಗೆ ತೊಡಿಸಲು ಕುಬಸ ಕಳಿಸುತ್ತೇನೆ.

ನಿಮ್ಮಂಥ ಕಂಪನಿಗಳಿಗೆ ಪರವಾನಗಿ ಕೊಡುವ ಮೇಲಿನ ಕಚೇರಿಗೂ ದೂರು ಬರೆಸಿದೆ. ಕಂಪನಿಯನ್ನೇ ಕೇಳಿ ಎಂದು ಎರಡು ಸಾಲಿನ ಉತ್ತರ ಬಂತು. ನಿಮ್ಮ ಮೇಲೆ ಕಣ್ಣಿಡಬೇಕಾದವರು ನಿಮ್ಮ ಮನೆಯಲ್ಲೇ ಉಣ್ಣುತ್ತಾರೋ ಏನೋ.

ಹತ್ತು ಪಟ್ಟು ಇರಲಿ, ಒಂದು ಪೈಸೆಯನ್ನೂ ಹೆಚ್ಚಿಗೆ ಕೊಡುವುದಿಲ್ಲ. ಸೊಲ್ಲಾಪುರ, ಪುಣೆಗೆ ಹೋಗುವ ನಮ್ಮ ಬಾಟಲಿಗಳ ಮೇಲೆ ಹೊಸ ಚೀಟಿ ಅಂಟಿಸಿದ್ದೇನೆ: "ಶಂಕ್ರೆವ್ವ ಇಂಟರ್‌ನೆಟ್‌ನಲ್ಲಿ ಸಿಗುವುದಿಲ್ಲ. ಆಕೆಯ ಹೆಸರನ್ನು ಇವರು ಹಿಡಿದಿಟ್ಟಿದ್ದಾರೆ." ಕೆಳಗೆ ನಿಮ್ಮ ಕಂಪನಿಯ ಹೆಸರು, ಫೋನ್ ನಂಬರು ದಪ್ಪ ಅಕ್ಷರದಲ್ಲಿವೆ. ಅದಕ್ಕೆ ನಿಮ್ಮ ಒಪ್ಪಿಗೆ ಕೇಳಲಿಲ್ಲ. ಆ ರೀತಿಯನ್ನು ನಿಮ್ಮಿಂದಲೇ ಕಲಿತೆ.

ಒಂದು ಬಾಟಲಿ ಕಳಿಸಿದ್ದೇನೆ. ಉಂಡು, ಚೀಟಿ ಓದಿ, ಹೆಸರು ಬಿಟ್ಟುಕೊಡಿ.

ಕರೆದರೆ ಆ ಹೆಸರಿಗೆ ಇಂದಿಗೂ ಓಗೊಡುವ,
ಶಂಕ್ರೆವ್ವ