ಯಾರೂ ನೋಡದಿದ್ದ ಆರು ತಿಂಗಳು

ಮಾನ್ಯ ಕುಲಸಚಿವರೇ,

‘ಸದರಿ ಸಂಶೋಧನೆಯು ಯಾವುದೇ ವಿಭಾಗದ ವ್ಯಾಪ್ತಿಗೆ ಒಳಪಡದ ಕಾರಣ ಮುಂದುವರಿಸುವ ಅವಶ್ಯಕತೆ ಕಂಡುಬರುವುದಿಲ್ಲ. ಸಂಶೋಧಕಿಯು ಏಳು ದಿನಗಳೊಳಗೆ ಕೊಠಡಿಯನ್ನು ತೆರವುಗೊಳಿಸತಕ್ಕದ್ದು.’ ಇದು ತಮ್ಮ ಆದೇಶ. ಒಬ್ಬ ಹೆಣ್ಣುಮಗಳ ಒಂಬತ್ತು ವರ್ಷದ ದುಡಿಮೆಯನ್ನು ತಾವು ಎರಡೇ ವಾಕ್ಯದಲ್ಲಿ ಮುಗಿಸಿದ್ದೀರಿ. ಇಷ್ಟೊಂದು ಮಿತಭಾಷಿಗಳೆಂದು ತಮ್ಮ ಘಟಿಕೋತ್ಸವದ ಭಾಷಣ ಕೇಳಿದ ಯಾರೂ ನಂಬಲಾರರು. ಆ ಆದೇಶ ತಪ್ಪು, ಅದಕ್ಕೆ ಆಧಾರವಾದ ಸಭೆಯ ನಡಾವಳಿ ಸುಳ್ಳು ಎಂದು ಹೇಳಲು ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ. ಸುಳ್ಳು ಎಂದು ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಾ? ಸ್ವಲ್ಪ ತಾಳ್ಮೆಯಿರಲಿ. ತಮ್ಮ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತವರಿಂದ ತಾವು ಸದಾ ನಿರೀಕ್ಷಿಸುವುದು ಅದನ್ನೇ ಅಲ್ಲವೆ?

ನಾನು ತಮ್ಮ ಆಡಳಿತ ಶಾಖೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದು ಕಳೆದ ತಿಂಗಳು ನಿವೃತ್ತನಾದವನು. ತಮಗೆ ಮುಖ ನೆನಪಾಗದಿದ್ದರೆ ಬೇಸರವಿಲ್ಲ. ತಾವು ನನ್ನನ್ನು ನೋಡುತ್ತಿದ್ದುದು ಫೈಲಿನ ಮೇಲಿನ ಅಂಚಿನಿಂದ. ಆ ಸಂಶೋಧಕಿಯ ಕಡತವನ್ನು ಭೌತವಿಜ್ಞಾನದ ಕಟ್ಟಡಕ್ಕೂ ಅರ್ಥಶಾಸ್ತ್ರದ ಕಟ್ಟಡಕ್ಕೂ ನಾಲ್ಕು ವರ್ಷ ಹೊತ್ತು ತಿರುಗಿದವನು ನಾನೇ. ಭೌತವಿಜ್ಞಾನದ ಮುಖ್ಯಸ್ಥರು ‘ಇದು ಅರ್ಥಶಾಸ್ತ್ರ’ ಎಂದು ಬರೆಯುತ್ತಿದ್ದರು. ಅರ್ಥಶಾಸ್ತ್ರದ ಮುಖ್ಯಸ್ಥರು ಅದರ ಕೆಳಗೇ ‘ಇದು ಖಗೋಳ ವಿಜ್ಞಾನ’ ಎಂದು ಬರೆಯುತ್ತಿದ್ದರು. ಇಬ್ಬರೂ ಮಧ್ಯಾಹ್ನ ಒಂದೇ ಕ್ಯಾಂಟೀನಿನಲ್ಲಿ, ಒಂದೇ ಮೇಜಿನಲ್ಲಿ ಊಟ ಮಾಡುವವರು. ಊಟದ ನಡುವೆ ಒಂದು ಮಾತು ಆಡಿದ್ದರೆ ನನ್ನ ಮೊಣಕಾಲಾದರೂ ಉಳಿಯುತ್ತಿತ್ತು.

ಆ ಸಂಶೋಧಕಿ ನಮ್ಮಲ್ಲಿಗೆ ಬಂದದ್ದು ಒಂದು ನಕ್ಷತ್ರದ ಬೆನ್ನು ಹತ್ತಿ. ಅದರ ಬೆಳಕು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಅದಕ್ಕೊಂದು ನಿಯಮವಿಲ್ಲ. ಮುಚ್ಚಿಹೋದ ನಮ್ಮ ವೀಕ್ಷಣಾಲಯದವರು ಅದನ್ನು ಅರವತ್ತು ವರ್ಷ ನೋಡಿ ಬರೆದಿಟ್ಟ ನೂರಾ ನಲವತ್ತು ನೋಟ್‌ಬುಕ್‌ಗಳು ನೆಲಮಾಳಿಗೆಯಲ್ಲಿದ್ದವು. ಸಂಶೋಧಕಿ ಒಂದೊಂದನ್ನೂ ಬಟ್ಟೆಯಿಂದ ಒರೆಸಿ, ಓದಿ, ಕಂಪ್ಯೂಟರಿಗೆ ಏರಿಸಿದರು. ತೊಂದರೆ ಇದ್ದದ್ದು ಖಾಲಿ ಪುಟಗಳಲ್ಲಿ. ಮೋಡ ಕವಿದ ದಿನ, ಯಂತ್ರ ಕೆಟ್ಟ ದಿನ, ನೋಡುವವರು ಜ್ವರ ಬಂದು ಮಲಗಿದ ದಿನ ನಕ್ಷತ್ರ ಹೇಗಿತ್ತು? ನೋಡಿದ ದಿನಗಳ ನಡೆಯನ್ನು ಅರಿತು, ನೋಡದ ದಿನಗಳ ಬಗ್ಗೆ ಪ್ರಾಮಾಣಿಕವಾಗಿ ಎಷ್ಟು ಹೇಳಬಹುದು, ಆ ಮಾತು ಎಷ್ಟರಮಟ್ಟಿಗೆ ತಪ್ಪಿರಬಹುದು ಎಂದು ಲೆಕ್ಕ ಹಾಕುವ ವಿಧಾನವೊಂದನ್ನು ಅವರು ಕಟ್ಟಿದರು. ಅಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ. ನಕ್ಷತ್ರ ಯಾವ ಇಲಾಖೆಗೂ ಮುಜುಗರ ತರುವಂಥದ್ದಲ್ಲವಲ್ಲ.

ಮುಂದಿನದ್ದಕ್ಕೆ ತಾವೇ ಕಾರಣ. ಈ ಮಹತ್ವದ ಸಂಶೋಧನೆಯಲ್ಲಿ ತಮ್ಮ ಪಾತ್ರವನ್ನು ಯಾರೂ ಗುರುತಿಸಿಲ್ಲವೆಂಬ ಕೊರಗು ತಮಗಿದ್ದರೆ ಇಂದು ತೀರಲಿ. ಕೊಠಡಿಯ ಕಿಟಕಿಗೆ ಗಾಜು ಹಾಕಿಸಿಕೊಡಿ ಎಂದು ಕೇಳಲು ಬಂದ ಅವರನ್ನು ತಾವು ಮೂರು ಗಂಟೆ ಹೊರಗೆ ಕೂರಿಸಿದಿರಿ. ಬೆಂಚಿನ ಮೇಲೆ ಓದಲು ಬೇರೇನೂ ಇರಲಿಲ್ಲ, ಅಂಕಿಅಂಶ ಇಲಾಖೆಯ ವಾರ್ಷಿಕ ವರದಿಯೊಂದಿತ್ತು. ಅದನ್ನು ತಿರುವಿಹಾಕುತ್ತಿದ್ದವರು ನನ್ನ ಮೇಜಿನ ಬಳಿ ಬಂದು ಒಂದು ಪುಟ ತೋರಿಸಿದರು. ನಮ್ಮ ನಗರದಲ್ಲಿ ಉದ್ಯೋಗವಿಲ್ಲದವರ ಸಂಖ್ಯೆಯ ನಕ್ಷೆ ಅದು. ಹತ್ತು ವರ್ಷ ಏರಿಳಿದ ಗೆರೆ ಒಂದು ಕಡೆ ಆರು ತಿಂಗಳ ಮಟ್ಟಿಗೆ ಸ್ಕೇಲು ಇಟ್ಟು ಎಳೆದಷ್ಟು ನೆಟ್ಟಗಿತ್ತು. ಕೆಳಗೆ ಇರುವೆಯಂಥ ಅಕ್ಷರದಲ್ಲಿ, ಆಡಳಿತಾತ್ಮಕ ಕಾರಣಗಳಿಂದ ಆ ಅವಧಿಯಲ್ಲಿ ಸಮೀಕ್ಷೆ ನಡೆಯಲಿಲ್ಲ, ಅಂದಾಜು ಮಾಡಲಾಗಿದೆ ಎಂದಿತ್ತು.

“ನಾವು ಹೀಗೆ ಗೆರೆ ಎಳೆದ್ರೆ ನಕ್ಷತ್ರ ಮಿನುಗೋದೇ ನಿಂತುಹೋಗುತ್ತೆ,” ಎಂದರು ಅವರು.

ನನಗೆ ನಗು ಬರಲಿಲ್ಲ. ಆ ಆರು ತಿಂಗಳು ನನಗೆ ಚೆನ್ನಾಗಿ ಗೊತ್ತಿದ್ದವು. ಗಾಜಿನ ಬಾಟಲಿ ಮಾಡುವ ಕಾರ್ಖಾನೆ ಬಾಗಿಲು ಹಾಕಿದ್ದು ಆಗಲೇ. ನನ್ನ ಅಳಿಯ ಅಲ್ಲಿ ಕುಲುಮೆಯ ಮೇಲ್ವಿಚಾರಕ. ಮಗಳು, ಅಳಿಯ ಇಬ್ಬರೂ ಪೆಟ್ಟಿಗೆಗಳ ಸಮೇತ ನಮ್ಮ ಎರಡು ಕೋಣೆಯ ಮನೆಗೆ ಬಂದರು. ಸುಮ್ಮನೆ ಕೂರಲಾಗದ ಮನುಷ್ಯ ಮೊದಲು ನಮ್ಮ ಮನೆಯ ನಲ್ಲಿಗಳನ್ನು ಬಿಚ್ಚಿ ಸರಿಮಾಡಿದ, ಆಮೇಲೆ ಇಡೀ ಕಟ್ಟಡದ್ದು. ಕೊನೆಗೆ ಸೋರದ ನಲ್ಲಿಗಳನ್ನೂ ಬಿಚ್ಚತೊಡಗಿದ. ಒಂದು ದಿನ ನಾನು ತಡೆದಾಗ, “ಕೈಗೆ ಏನಾದ್ರೂ ಬೇಕಲ್ಲ ಮಾವ,” ಎಂದವನು ಮುಖ ತಿರುಗಿಸಿಕೊಂಡ. ಇಲಾಖೆಯ ನೆಟ್ಟನೆಯ ಗೆರೆಯ ಪ್ರಕಾರ ಆ ಆರು ತಿಂಗಳಲ್ಲಿ ಏನೂ ನಡೆದಿರಲಿಲ್ಲ. ಹಾಗಾದರೆ ನಮ್ಮ ನಡುಮನೆಯಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದವನು ಯಾರು?

ನಾನು ಇದನ್ನೆಲ್ಲ ಹೇಳಿದಾಗ ಸಂಶೋಧಕಿ ಅಯ್ಯೋ ಪಾಪ ಎನ್ನಲಿಲ್ಲ. ಅಳಿಯನನ್ನು ಕರೆತರಲು ಹೇಳಿದರು. ಕಾರ್ಖಾನೆಯವರೆಲ್ಲ ಕೆಲಸಕ್ಕೆ ಹೇಗೆ ಹೋಗುತ್ತಿದ್ದರು ಎಂದು ಕೇಳಿದರು. ಬಸ್ಸಿನಲ್ಲಿ, ತಿಂಗಳ ಪಾಸಿನಲ್ಲಿ ಎಂದ ಅವನು. ಕೆಲಸ ಹೋದವರು ಪಾಸು ಮಾಡಿಸುವುದಿಲ್ಲ. ಸಮೀಕ್ಷೆ ನಿಂತಿದ್ದರೂ ಬಸ್ ಡಿಪೋ ನಿಂತಿರಲಿಲ್ಲ. ಅಳಿಯ ನಗರದ ಏಳು ಡಿಪೋಗಳಿಗೂ ಹೋಗಿ, ಅನುಮತಿ ಪತ್ರ ತೋರಿಸಿ, ಹತ್ತು ವರ್ಷಗಳ ಪಾಸುಗಳ ಸಂಖ್ಯೆಯನ್ನು ತಿಂಗಳವಾರು ಬರೆದು ತಂದ. ಬಹಳ ದಿನಗಳ ಮೇಲೆ ಅವನು ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡದ್ದನ್ನು ನನ್ನ ಹೆಂಡತಿ ನನಗೆ ಕಣ್ಸನ್ನೆಯಲ್ಲೇ ತೋರಿಸಿದಳು. ಸಂಶೋಧಕಿ ಮೂರು ವರ್ಷ ದುಡಿದರು. ಅರ್ಥಶಾಸ್ತ್ರದ ದಪ್ಪ ಪುಸ್ತಕಗಳನ್ನು ಮೊದಲ ವರ್ಷದ ವಿದ್ಯಾರ್ಥಿಯಂತೆ ಓದಿದರು. ನಕ್ಷತ್ರದ ಖಾಲಿ ಪುಟಗಳಿಗೆ ಕಟ್ಟಿದ್ದ ವಿಧಾನವನ್ನೇ ನಗರದ ಖಾಲಿ ತಿಂಗಳುಗಳಿಗೆ ಹೊಂದಿಸಿದರು. ಬಂದ ಉತ್ತರವಿಷ್ಟು: ಆ ಅವಧಿಯಲ್ಲಿ ಕೆಲಸವಿಲ್ಲದವರು ಇಲಾಖೆ ಹೇಳಿದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು. ಈ ಅಂದಾಜು ಎಷ್ಟು ತಪ್ಪಿರಬಹುದು ಎಂಬುದನ್ನೂ ಅವರು ಪಕ್ಕದಲ್ಲೇ ಬರೆದರು. ಈ ಕಟ್ಟಡದಲ್ಲಿ ತನ್ನ ತಪ್ಪಿನ ಪ್ರಮಾಣವನ್ನು ತಾನೇ ಬರೆದು ಸಹಿ ಮಾಡಿದ ಇನ್ನೊಬ್ಬರನ್ನು ನಾನು ಮೂವತ್ತೊಂದು ವರ್ಷದಲ್ಲಿ ಕಂಡಿಲ್ಲ.

ಇನ್ನು ಆ ಸಭೆ. ವಿಷಯ ಪರಿಶೀಲನಾ ಸಮಿತಿಯ ಐದು ಜನ ವಿದ್ವಾಂಸರು, ಅಧ್ಯಕ್ಷರಾಗಿ ತಾವು, ಮೂಲೆಯಲ್ಲಿ ನಡಾವಳಿ ಪುಸ್ತಕ ಹಿಡಿದ ನಾನು. ಸಂಶೋಧಕಿಯ ಪ್ರಬಂಧವನ್ನು ಎಷ್ಟು ಜನ ಓದಿ ಬಂದಿದ್ದರು? ಐದು ಪ್ರತಿಗಳನ್ನು ಮುಂಚಿನ ವಾರವೇ ಹಂಚಿದವನು ನಾನು, ಸಭೆ ಮುಗಿದ ಮೇಲೆ ವಾಪಸು ಪಡೆದವನೂ ನಾನು. ನಾಲ್ಕರಲ್ಲಿ ನಾನು ಅಂಟಿಸಿದ್ದ ಲಕೋಟೆಯ ಅಂಟು ಹಾಗೆಯೇ ಇತ್ತು. ಆದರೂ ಪ್ರಶ್ನೆಗಳಿಗೆ ಬರವಿರಲಿಲ್ಲ. ಒಬ್ಬರು ನಕ್ಷತ್ರಕ್ಕೆ ಸಂಬಳ ಎಷ್ಟು ಎಂದರು. ತಾವು ಹಿಂದಕ್ಕೆ ಒರಗಿ, “ನಕ್ಷತ್ರಕ್ಕೂ ಕೆಲಸ ಇಲ್ದೋರಿಗೂ ಏನಮ್ಮಾ ಸಂಬಂಧ? ಜಾತಕ ನೋಡೋ ವಿಭಾಗ ತೆಗೀಬೇಕಾ ನಾವು?” ಎಂದಿರಿ. ಸಭೆ ನಕ್ಕಿತು. ಅಧ್ಯಕ್ಷರ ಹಾಸ್ಯಕ್ಕೆ ನಗದ ಸಮಿತಿಯನ್ನು ಇನ್ನೂ ಯಾರೂ ರಚಿಸಿಲ್ಲ.

ಸಂಶೋಧಕಿ ನಗು ನಿಲ್ಲುವವರೆಗೆ ಕಾದರು. ಆಮೇಲೆ ಹೇಳಿದರು: “ಸಂಬಂಧ ಇಲ್ಲ ಸರ್. ಎರಡನ್ನೂ ನಾವು ನೋಡದೇ ಇದ್ದ ದಿನಗಳಿವೆ. ನಾವು ನೋಡ್ಲಿಲ್ಲ ಅಂದ್ರೆ ಅಲ್ಲಿ ಏನೂ ಆಗ್ಲಿಲ್ಲ ಅಂತ ಅರ್ಥ ಅಲ್ಲ. ನಾನು ಹೇಳ್ತಿರೋದು ಇಷ್ಟೇ.”

ನಾನು ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡೆ. ಅವರು ಹೊರಗೆ ಹೋದ ಮೇಲೆ ತಾವು ಪುಸ್ತಕ ತರಿಸಿ ಓದಿದಿರಿ. “ಇದೆಲ್ಲ ಯಾಕ್ರೀ? ಸಮರ್ಪಕ ಉತ್ತರ ನೀಡಲಿಲ್ಲ ಅಂತ ಹಾಕಿ,” ಎಂದಿರಿ. ನಾನು ಹಾಕಿದೆ. ನಿವೃತ್ತಿಗೆ ಎರಡು ತಿಂಗಳಿತ್ತು, ಮನೆಯಲ್ಲಿ ಅಳಿಯನಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ, ಕೈ ತನ್ನಷ್ಟಕ್ಕೆ ಬರೆಯಿತು. ಇವೆಲ್ಲ ಕಾರಣಗಳೇ ಹೊರತು ಸಮರ್ಥನೆಗಳಲ್ಲ. ಅವರ ನಾಲ್ಕು ವಾಕ್ಯಗಳ ಮೇಲೆ ಗೆರೆ ಎಳೆದವನು ನಾನು. ಆ ಗೆರೆಯೂ ನೆಟ್ಟಗೇ ಬಂತು.

ನನ್ನ ಕೆಲಸದ ಕೊನೆಯ ವಾರ ಅಂಕಿಅಂಶ ಇಲಾಖೆಯಿಂದ ಅವರ ಹೆಸರಿಗೆ ಒಂದು ಪತ್ರ ಬಂತು. ತಾವು ಕಳಿಸಿದ್ದ ಪ್ರಬಂಧ ಓದಿದೆವು, ಆ ಆರು ತಿಂಗಳ ಸಂಖ್ಯೆಯನ್ನು ಮತ್ತೆ ಪರಿಶೀಲಿಸಬೇಕೆಂದಿದ್ದೇವೆ, ತಮ್ಮ ವಿಧಾನವನ್ನು ನಮಗೆ ವಿವರಿಸುವಿರಾ ಎಂದು ಕೇಳಿದ್ದರು. ಸಂಶೋಧಕಿ ಆಗಲೇ ಕೊಠಡಿ ಖಾಲಿ ಮಾಡಿ, ದೂರದ ಊರೊಂದರ ಶಾಲೆಯಲ್ಲಿ ಗಣಿತ ಹೇಳಿಕೊಡಲು ಹೋಗಿದ್ದರು. ಪತ್ರವನ್ನು ಯಾವ ವಿಭಾಗಕ್ಕೆ ಕಳಿಸುವುದೆಂದು ತಾವು ಒಂದು ದಿನ ಯೋಚಿಸಿದಿರಿ. ಭೌತವಿಜ್ಞಾನಕ್ಕೆ ಹೋಯಿತು, ಬಂತು. ಅರ್ಥಶಾಸ್ತ್ರಕ್ಕೆ ಹೋಯಿತು, ಬಂತು. ‘ವಿಳಾಸದಾರರು ಲಭ್ಯರಿಲ್ಲ, ಹಿಂದಿರುಗಿಸಿ’ ಎಂದು ಬರೆದಿರಿ. ನಾನು ಹಿಂದಿರುಗಿಸಲಿಲ್ಲ. ಹೊಸ ಲಕೋಟೆಯಲ್ಲಿ ಹಾಕಿ ಆ ಶಾಲೆಯ ವಿಳಾಸಕ್ಕೆ ಅಂಚೆ ಮಾಡಿದೆ. ತಮ್ಮ ಟಿಪ್ಪಣಿಯಿಲ್ಲದೆ ನಾನು ಮಾಡಿದ ಮೊದಲ ಸರಕಾರಿ ಕೆಲಸ ಅದು, ಕೊನೆಯದೂ ಹೌದು.

ಹೋದ ವಾರ ಸಂಶೋಧಕಿಗೆ ಫೋನ್ ಮಾಡಿದೆ. ಇಲಾಖೆಯವರು ಕರೆಸಿ ಎರಡು ದಿನ ಮಾತಾಡಿದರಂತೆ. ಆ ವಿಧಾನ ಇಲಾಖೆಗೆ ಒಪ್ಪಿಗೆಯಾಗಿದೆ. ಆದರೆ ನಿಯಮದ ಪ್ರಕಾರ ವಿಶ್ವವಿದ್ಯಾಲಯದ ಅಭಿಪ್ರಾಯ ಬೇಕು, ಕೇಳಿದಾಗ ತಮ್ಮ ಕಚೇರಿಯಿಂದ ಹೋದದ್ದು ಆ ನಡಾವಳಿಯ ಪ್ರತಿ. ‘ಸಮರ್ಪಕ ಉತ್ತರ ನೀಡಲಿಲ್ಲ.’ ವಿಷಯ ಅಲ್ಲಿಗೆ ನಿಂತಿದೆ. ಅದನ್ನು ಬರೆದವನು ನಾನೇ ಎಂದು ಆಗ ಅವರಿಗೆ ಹೇಳಿದೆ.

“ಗೊತ್ತು. ಇಲಾಖೆಯವ್ರು ಆ ಪ್ರತಿ ತೋರಿಸಿದ್ರು. ನಿಮ್ಮ ಅಕ್ಷರ ನಂಗೆ ಗುರುತಿಲ್ವಾ?” ಎಂದರು. ಆಮೇಲೆ, “ಬೇಜಾರಿಲ್ಲ ಅಂತ ನಾನು ಹೇಳಲ್ಲ,” ಎಂದು ಫೋನ್ ಇಟ್ಟರು. ಅವರು ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿದ್ದೆನೋ ಇಲ್ಲವೋ.

ಆದ್ದರಿಂದ, ಕುಲಸಚಿವರೇ, ತಮ್ಮ ಆದೇಶವನ್ನು ಹಿಂತೆಗೆದುಕೊಳ್ಳಿ. ಅವರು ಸಭೆಯಲ್ಲಿ ಆಡಿದ ಮಾತನ್ನು ನಡಾವಳಿಯಲ್ಲಿ ಇದ್ದ ಹಾಗೆ ಸೇರಿಸಿ, ತಿದ್ದಿದ ಪ್ರತಿಯನ್ನು ಅಂಕಿಅಂಶ ಇಲಾಖೆಗೆ ಕಳಿಸಿ. ತಾವು ಕಳಿಸುವುದಿಲ್ಲವೆಂದು ನನಗೆ ಗೊತ್ತು. ಹಾಗಾಗಿ ತಮಗೆ ಇನ್ನೂ ಪ್ರಿಯವಾದ ಕೆಲಸವೊಂದನ್ನು ಸೂಚಿಸುತ್ತೇನೆ. ಅಧಿಕೃತ ದಾಖಲೆಯನ್ನು ತಿದ್ದಿದ ಅಪರಾಧಕ್ಕೆ ನನ್ನ ಮೇಲೆ ವಿಚಾರಣೆ ನಡೆಸಿ. ನಾನು ಒಪ್ಪಿಕೊಳ್ಳುತ್ತೇನೆ, ಪತ್ರಿಕೆಯಲ್ಲಿ ಈಗಾಗಲೇ ಒಪ್ಪಿಕೊಂಡಾಗಿದೆ. ಆದರೆ ನಾನು ಏನನ್ನು ತಿದ್ದಿದೆ ಎಂದು ವಿಚಾರಣಾಧಿಕಾರಿಗಳು ಕೇಳಲೇಬೇಕಾಗುತ್ತದೆ. ಆಗ ನಾನು ಎದ್ದು ನಿಂತು ಆ ನಾಲ್ಕು ವಾಕ್ಯಗಳನ್ನು ಹೇಳುತ್ತೇನೆ. ಅದನ್ನು ಬರೆದುಕೊಳ್ಳಲು ಮೂಲೆಯಲ್ಲಿ ಒಬ್ಬ ಗುಮಾಸ್ತ ಕೂತಿರುತ್ತಾನೆ.

ಇಂತಿ,
ಈವರೆಗೆ ತಮ್ಮ ವಿಧೇಯನಾಗಿದ್ದು, ಅದಕ್ಕಾಗಿ ನಾಚಿಕೊಂಡಿರುವ
ನಿವೃತ್ತ ಗುಮಾಸ್ತ