ನೀವು ಹೋಗದೇ ಉಳಿದ ಊರು

ವೀರಣ್ಣ ಕಾಕಾ,

ನಿಮ್ಮ ಮೈಕಿನ ಹುಡುಗ ಮೈಬುವಿನ ಸಲಾಮು, ಶರಣು ಎರಡೂ. ನೀವು ಹೋಗಿ ತಿಂಗಳಾಗುತ್ತ ಬಂತು. ನಿಮಗೆ ಹೇಳಲೇಬೇಕಾದ ಮಾತೊಂದಿದೆ. ಬದುಕಿದ್ದಾಗ ಕೇಳಿದ್ದರೆ ಆ ದಿನ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದಿರಿ.

ವಿಧಾನಸಭೆಗೆ ಎರಡನೇ ಸಲ ನಿಂತಾಗ ನನ್ನನ್ನು ಕರೆದದ್ದು ನೆನಪಿದೆಯೇ? ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಅಕ್ಕಿ ಗಿರಣಿಯಲ್ಲಿ ಕೆಲವು ದಿನ, ಗ್ಯಾರೇಜಿನಲ್ಲಿ ಕೆಲವು ದಿನ ಇದ್ದು, ಎಲ್ಲಿಯೂ ಕೂರಲಾರದವನಿಗೆ ಜೀಪನ್ನೂ ಮೈಕನ್ನೂ ಒಟ್ಟಿಗೇ ಕೊಟ್ಟಿರಿ. ಸಾಲಗುಂದದಲ್ಲಿ ನಿಮ್ಮವರು ಒಂದು ಚೀಟಿ ಕೊಟ್ಟು ಓದು ಅಂದರು. ಕಾಲುವೆಯ ಕೊನೆ ಭಾಗದ ಊರಿಗೆ ನೀರು ತಂದ ಭಗೀರಥ ಎಂದು ಅದರಲ್ಲಿತ್ತು. ನಾನು ಮೈಕು ಆರಿಸಿ, "ನೀರು ಬಂದಿಲ್ಲಲ್ರೀ ಕಾಕಾ" ಅಂದೆ. ಇವನನ್ನು ಇಲ್ಲಿಯೇ ಇಳಿಸಿ ಹೋಗೋಣ ಎಂದು ಅವರೆಲ್ಲ ಸಿಟ್ಟಾದರು. ನೀವು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಿರಿ.

"ಹಂಗಾದ್ರ ಬಂದಿಲ್ಲ ಅಂತನ ಹೇಳಲೇ. ಓಟು ಹೋದ್ರ ಹೋಗ್ಲಿ, ನಿನ್ನ ದನಿ ಚಲೋ ಐತಿ."

ಓಟು ಹೋದವು. ಬಟ್ಟೆ ಅಂಗಡಿಯ ಗಲ್ಲೆಯಿಂದ ಎದ್ದು ಬಂದು ಜಿಲ್ಲಾ ಪಂಚಾಯಿತಿಗೆ ಒಮ್ಮೆ ಗೆದ್ದವರು, ವಿಧಾನಸಭೆಗೆ ಎರಡು ಸಲ ನಿಂತು ಎರಡೂ ಸಲ ಸೋತವರು. ನಿಮ್ಮ ರಾಜಕೀಯವೆಲ್ಲ ಇಷ್ಟೇ ಎಂದು ನೀವೇ ಹೇಳುತ್ತಿದ್ದಿರಿ. ಇಷ್ಟೇ ಆಗಿತ್ತೇ?

ಸೋತ ಮೇಲಿನ ಬೇಸಿಗೆಯಲ್ಲಿ, ಲಿಂಗಸುಗೂರಿನ ನಿಮ್ಮ ಮಗಳ ಮನೆಗೆ ಹೊರಟವರು ಮಸ್ಕಿಯಲ್ಲಿ ಚಹಾಕ್ಕೆ ಇಳಿದಿದ್ದೆವು. ಆ ಕೊನೆ ಭಾಗದ ಊರಿನವರಿಬ್ಬರು ಬಸ್ಸಿನಿಂದ ಇಳಿದದ್ದೇ ತಡ, ನೀವು ಜೀಪಿನ ಹಿಂದೆ ಹೋಗಿ ಟೈರು ನೋಡುತ್ತ ನಿಂತಿರಿ. ಟೈರಿಗೆ ಏನೂ ಆಗಿರಲಿಲ್ಲ. ಪಂಚಾಯಿತಿಯಲ್ಲಿದ್ದಾಗ ಅವರಿಗೆ ನೀರಿನ ಮಾತು ಕೊಟ್ಟಿದ್ದಿರಿ. ಕಚೇರಿಗಳಿಗೆ ಅಲೆದಿರಿ, ಧರಣಿ ಕೂತಿರಿ. ಮೇಲಿನ ಗದ್ದೆಗಳನ್ನು ದಾಟಿ ನೀರು ಅವರ ಹೊಲದವರೆಗೆ ಇಳಿಯಲೇ ಇಲ್ಲ. ಅವರಿಬ್ಬರು ಕಣ್ಮರೆಯಾದ ಮೇಲೆ, "ಏನಂತ ಮಾರಿ ತೋರಿಸ್ಲಿ..." ಅಂದಿರಿ.

ನಿಮ್ಮ ಮನಸ್ಸು ಹಗುರಾಗಲಿ ಎಂದು ಅಲ್ಲಿಯೇ ಫೋನಿನಲ್ಲಿ ಅಮೆರಿಕದ ಯಾವುದೋ ರಾಜ್ಯದ ಗವರ್ನರ್ ಒಬ್ಬನ ಕತೆ ತೋರಿಸಿದೆ. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ ಎಂದು ವಿಡಿಯೊದವ ಹೇಳುತ್ತಿದ್ದ. ಸಣ್ಣ ಊರಿನಿಂದ ಮೇಲೆ ಬಂದವನು, ಗೆದ್ದು ರಾಜ್ಯ ನಡೆಸಿ ಕೊನೆಗೆ ಸೋತವನು. ಸೋತ ಮರುದಿನ ಸಂತೆಯಲ್ಲಿ ನಿಂತು, ಓಟು ಹಾಕದವರ ಕೈಯನ್ನೂ ಕುಲುಕುತ್ತಿದ್ದ. ನೀವು ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ಹಾಕಿಸಿದಿರಿ. "ಗಟ್ಟಿ ಎದಿ ಬೇಕಲೇ ಇದಕ್ಕ" ಎಂದು ಫೋನು ಕೊಟ್ಟು ಜೀಪು ಹತ್ತಿದಿರಿ. ಅವತ್ತೇ ನಾನು ಜೀಪು ತಿರುಗಿಸಿ ಆ ಊರಿಗೆ ಹೊಡೆದಿದ್ದರೆ...

ನೀವು ತೀರಿಕೊಂಡ ಬೆಳಿಗ್ಗೆ ನನ್ನ ಸರಕಿನ ಆಟೊಗೆ ಮೈಕು ಕಟ್ಟಿದೆ. ಊರೂರಿಗೆ ಹೋಗಿ ಸುದ್ದಿ ಸಾರಬೇಕಿತ್ತು. ನಿಮ್ಮವರು ಮತ್ತೆ ಚೀಟಿ ತಂದರು. ಅದೇ ಭಗೀರಥ, ಜೊತೆಗೆ ಸೋಲರಿಯದ ನಾಯಕ. ಓದುವುದಿಲ್ಲ ಅಂದೆ. ಹೆಣದ ಮುಂದೆ ಎಂಥ ಹಟವೋ ನಿನ್ನದು ಎಂದು ಬೈದರು. ಒಳಗಿನಿಂದ ಕಾಕಿ ಬಂದರು. ಅಳು ಇನ್ನೂ ನಿಂತಿರಲಿಲ್ಲ.

"ಅವರು ಇದ್ದಂಗ ಹೇಳು ಮೈಬು. ಇಲ್ಲದ್ದು ಹೇಳಿದ್ರ ಬ್ಯಾರೆ ಯಾರನ್ನೋ ಕಳಿಸಿಕೊಟ್ಟಂಗ ಆಗ್ತೈತಿ."

ಆ ಕೊನೆ ಭಾಗದ ಊರಿನ ಅಗಸಿ ಬಾಗಿಲಲ್ಲಿ ಆಟೊ ನಿಲ್ಲಿಸಿದೆ. ಕಲ್ಲು ಬಿದ್ದರೆ ಬೀಳಲಿ ಎಂದುಕೊಂಡು ಮೈಕು ಹಿಡಿದೆ. "ಸಿಂಧನೂರಿನ ವೀರಣ್ಣ ತೀರಿಕೊಂಡಾರ್ರೀ. ಒಮ್ಮೆ ಗೆದ್ದಿದ್ರು, ಎರಡು ಸಲ ಸೋತಿದ್ರು. ನಿಮಗ ನೀರು ತರ್ತೀನಿ ಅಂದಿದ್ರು, ತರಾಕ ಆಗ್ಲಿಲ್ಲ. ಇವತ್ತು ಸಂಜಿಕ್ಕ ಮಣ್ಣು ಐತಿ." ಕಟ್ಟೆಯ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಆಮೇಲೆ ಮಲ್ಲಮ್ಮ ಎಂಬ ಮುದುಕಿ ಕೋಲೂರಿಕೊಂಡು ಆಟೊದ ಹತ್ತಿರ ಬಂದಳು. ನಿಮಗೆ ಗೊತ್ತಿರಬೇಕು, ಪ್ರಚಾರಕ್ಕೆ ಹೋದಾಗಲೆಲ್ಲ ನಿಮಗೆ ರೊಟ್ಟಿ, ಪುಂಡಿಪಲ್ಲೆ ಹಾಕುತ್ತಿದ್ದವಳು.

"ನೀರು ತರಾಕ ಅವನೇನು ಕಾಲುವಿ ಮಾಲಕನೇನೋ ತಮ್ಮಾ? ನಮ್ಮ ಸಿಟ್ಟು ನೀರಿಂದಲ್ಲ. ಸೋತ ಮ್ಯಾಲ ಒಮ್ಮೆರ ಉಣ್ಣಾಕ ಬಂದಾನೇನು? ನಾವೇನು ಓಟಿನ ಲೆಕ್ಕ ಕೇಳಿ ರೊಟ್ಟಿ ಹಾಕ್ತಿದ್ವೇನು?"

ಕಾಕಾ, ಕೇಳಿದಿರಾ? ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಿಮ್ಮದೂ ಇಳಿದಿರಬೇಕಲ್ಲ? ಇಷ್ಟು ವರ್ಷ ನೀವು ಯಾರಿಗೆ ಹೆದರಿ ಟೈರಿನ ಹಿಂದೆ ನಿಂತಿರೋ, ಅವರು ನಿಮಗಾಗಿ ಕಾಯುತ್ತಿದ್ದರು.

ಸಂಜೆ ಅವರ ಟ್ರ್ಯಾಕ್ಟರ್ ಬರುವಷ್ಟರಲ್ಲಿ ನಿಮ್ಮನ್ನು ನಿಮ್ಮ ಪದ್ಧತಿಯಂತೆ ಸಮಾಧಿಯ ಗುಣಿಯಲ್ಲಿ ಕೂಡಿಸಿ, ವಿಭೂತಿ ಇಟ್ಟು, ಮಣ್ಣು ಎಳೆದಾಗಿತ್ತು. ಟ್ರೇಲರ್ ತುಂಬ ಜನ. ಮಲ್ಲಮ್ಮನನ್ನು ಇಬ್ಬರು ಎತ್ತಿ ಇಳಿಸಿದರು. ಅವಳು ಒಂದು ಹಿಡಿ ಮಣ್ಣು ಹಾಕಿ, "ಈಗರ ಕುಂತಿಯಲ್ಲೋ ಯಪ್ಪಾ. ಇನ್ನ ಎಲ್ಲಿ ತಪ್ಪಿಸ್ಕೊಂಡು ಹೋಗ್ತಿ" ಅಂದಳು. ಅಷ್ಟು ಹೊತ್ತು ಅಳುತ್ತಿದ್ದ ಕಾಕಿ ಸೆರಗಿನೊಳಗೆ ನಕ್ಕರು.

ಈಗ ಅವರ ಕಾಳು ಸಾಗಿಸಲು ವಾರಕ್ಕೊಮ್ಮೆ ಆ ಊರಿಗೆ ಹೋಗುತ್ತೇನೆ. ನಿಮ್ಮ ಪಾಲಿನ ರೊಟ್ಟಿ ನನಗೆ ಬೀಳುತ್ತಿದೆ. ನೀರು ಇನ್ನೂ ಬಂದಿಲ್ಲ. ಬಂದ ದಿನ ಮೈಕು ಕಟ್ಟಿಕೊಂಡು ನಿಮ್ಮ ಗದ್ದುಗೆಯ ಹತ್ತಿರ ಬಂದು ಸಿಂಧನೂರಿಗೆಲ್ಲ ಕೇಳುವ ಹಾಗೆ ಸಾರುತ್ತೇನೆ. ಬರುವ ಮೊದಲು ಮಾತ್ರ ಬಂತು ಅನ್ನುವುದಿಲ್ಲ. ನಿಮಗೂ ಅನ್ನುವುದಿಲ್ಲ.

ನಿಮ್ಮ
ಮೈಬು