ಕಾಗದ ತಂದವನು

ನ್ಯಾಶ್‌ವಿಲ್, ಟೆನೆಸೀ
೧೮೬೯ ಮಾರ್ಚ್ ೧೪, ಭಾನುವಾರ

ಪ್ರೀತಿಯ ಅವ್ವ,

ನಾನು ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕಂತೆ. ಕಾಗದ ಬರೆಯುವ ಕ್ಲಾಸಿನಲ್ಲಿ ಹಾಗೆ ಹೇಳಿಕೊಟ್ಟಿದ್ದಾರೆ. ಜ್ವರವಿಲ್ಲ, ಎರಡು ಹೊತ್ತು ಜೋಳದ ರೊಟ್ಟಿ ಹಾಕುತ್ತಾರೆ, ಹಾಸ್ಟೆಲಿನ ಮಂಚಕ್ಕೆ ಎರಡು ಕಂಬಳಿ ಕೊಟ್ಟಿದ್ದಾರೆ. ಇಷ್ಟಕ್ಕೆ ಚೆನ್ನಾಗಿರುವುದು ಅಂತ ನೀನು ತಿಳಿದುಕೋ. ನಿನ್ನ ಕೈಯ ಸೀಳುಗಳು ಹೇಗಿವೆ? ಸೋಪಿನ ನೀರಿಂದ ಕೈ ತೆಗೆದ ತಕ್ಷಣ ಹಂದಿಕೊಬ್ಬು ಸವರಿಕೋ, ಒಣಗಲು ಬಿಡಬೇಡ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೈಯಬೇಡ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದೆ. ನಿನ್ನ ಕಾಗದದ ಮೇಲಿನ ಭಾಗವೆಲ್ಲ ಪಾದ್ರಿ ಗಿಡಿಯನ್ ಅವರ ಕೈಬರಹ, ನೀನು ಹೇಳಿದ್ದನ್ನು ಅವರು ಬರೆದಿದ್ದಾರೆ. ಆದರೆ ಅಡಿಯಲ್ಲಿ ಒಂದೇ ಒಂದು ಸಾಲು, ಕೋಳಿ ಕೆದಕಿದ ಹಾಗೆ: 'ಮಗ ನಾನೇ ಓದ್ತೀನಿ ಈಗ.' ಅದನ್ನು ನೋಡಿ ನಿನ್ನ ಮಗಳು ಅತ್ತಳು. ಐವತ್ತು ದಾಟಿದ ಮೇಲೆ, ಇಡೀ ದಿನ ಊರವರ ಬಟ್ಟೆ ಒಗೆದು, ಭಾನುವಾರ ಮಕ್ಕಳ ಪಕ್ಕದಲ್ಲಿ ಕೂತು ಅಕ್ಷರ ಕಲಿತೆಯಲ್ಲ ಅವ್ವ.

ಆದ್ದರಿಂದ ಈ ಕಾಗದವನ್ನು ಪಾದ್ರಿಗಳಿಗೆ ಕೊಡಬೇಡ. ನೀನೇ ಓದು. ನಿನ್ನ ಪುಸ್ತಕದಲ್ಲಿ ಇರುವಂತೆ ಬಿಡಿಬಿಡಿ ಅಕ್ಷರದಲ್ಲಿ, ದೊಡ್ಡದಾಗಿ ಬರೆದಿದ್ದೇನೆ. ದಿನಕ್ಕೆ ಒಂದು ಪುಟ ಓದಿದರೆ ಸಾಕು. ಆದರೆ ಈ ಒಂದು ಸಾಲನ್ನು ಇವತ್ತೇ ಓದಿಬಿಡು: ಇಪ್ಪತ್ತೇಳನೇ ತಾರೀಖು ಶನಿವಾರ ಹ್ಯಾಲಮ್ ಅಮ್ಮೋರ ಗಾಡಿ ಬಂದರೆ ಹತ್ತಬೇಡ.

ನಮ್ಮ ಹಳೆಯ ಒಡತಿಯ ಬಗ್ಗೆ ನೀನು ಬರೆಸಿದ್ದು ನನಗೆ ಬಾಯಿಪಾಠವಾಗಿದೆ. 'ಅಮ್ಮೋರು ನಾನಿರೋ ಕಡೆ ಬಂದು ಅತ್ಕಂಡ್ ಕೇಳವ್ರೆ. ಒಲೆ ಹಿಂದ್ಲ ಕೋಣೆ ನಂಗೇ ಬಿಟ್ಕೊಡ್ತಾರಂತೆ. ಬೆಚ್ಚಗಿರ್ತದೆ. ಇಪ್ಪತ್ತೇಳಕ್ಕೆ ಗಾಡಿ ಕಳಿಸ್ತಾರಂತೆ. ನಾನು ಅವ್ರ ಮನೆಯವಳೇ ಅಂತೆ. ನೀನು ಹೂಂ ಅಂದ್ರೆ ಹೋಯ್ತೀನಿ, ಬ್ಯಾಡ ಅಂದ್ರೆ ಇಲ್ಲೇ ಇರ್ತೀನಿ.' ಇದನ್ನು ಓದಿದ ದಿನದಿಂದ ನನ್ನ ಬಾಯಲ್ಲಿ ಏನೋ ಹಳಸಿದ್ದು ಇಟ್ಟುಕೊಂಡಂತಿದೆ.

ಇಲ್ಲಿಯ ಸುದ್ದಿ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಇದನ್ನೂ ಹರಿಯುತ್ತೇನೆ. ಮೊದಲ ವರ್ಷದವರಲ್ಲಿ ನಾನೇ ದಡ್ಡಿ. ಬಾಯಿ ತೆರೆದರೆ ಟೀಚರ್ ತಡೆಯುತ್ತಾರೆ. 'ಐತೆ ಅನ್ನಬಾರದು ಜಿಲ್ಫಾ, ಇದೆ ಅನ್ನಬೇಕು.' ಈಗ ಮಾತಾಡುವ ಮೊದಲು ಎರಡು ಸಲ ಒಳಗೇ ಹೇಳಿಕೊಳ್ಳುತ್ತೇನೆ. ಅಷ್ಟರಲ್ಲಿ ಮಾತು ಮುಗಿದು ಎಲ್ಲರೂ ಎದ್ದು ಹೋಗಿರುತ್ತಾರೆ. ನನ್ನದು ಈಗ ಅರ್ಧ ಮನೆಯ ಮಾತು, ಅರ್ಧ ಪುಸ್ತಕದ್ದು. ಈ ಕಾಗದವೂ ಹಾಗೇ ಇದ್ದರೆ ನಗಬೇಡ.

ಬಿಡುಗಡೆಯಾದ ಗುಲಾಮರು ಹೇಗೆ ಓದುತ್ತಾರೆಂದು ನೋಡಲು ಹೋದ ವಾರ ಬಾಸ್ಟನ್ನಿನಿಂದ ಮೂವರು ದೊಡ್ಡ ಮನೆಯ ಬಿಳಿ ಹೆಂಗಸರು ಬಂದಿದ್ದರು. ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಒಬ್ಬಾಕೆ ಕೈಗವಸು ತೆಗೆದು, ನನ್ನ ಕೂದಲನ್ನು ಬೆರಳಲ್ಲಿ ಹೊಸಕಿ ನೋಡಿ, ಮತ್ತೆ ಕೈಗವಸು ಹಾಕಿಕೊಂಡಳು. ಇನ್ನೊಬ್ಬಾಕೆ ಬಹಳ ಮೆದುವಾಗಿ, 'ನಿಮ್ಮ ಧಣಿಗಳು ಒಳ್ಳೆಯವರಾಗಿದ್ದರಾ?' ಎಂದಳು. ನನ್ನ ಮಂಚದ ಪಕ್ಕದವಳು ಲವೀ ಇದ್ದಾಳಲ್ಲ, ಅವಳು ತಟ್ಟನೆ, 'ಭಾಳ ಒಳ್ಳೇವ್ರು ಕಣಮ್ಮಾ, ಭಾನುವಾರ ಹೊಡೀತಾನೇ ಇರ್ಲಿಲ್ಲ' ಎಂದಳು. ಆಕೆ ಅದನ್ನು ತನ್ನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು, ಅವ್ವ. ದೇವರಾಣೆ ಬರೆದುಕೊಂಡಳು. ಆಮೇಲೆ ನಾವೆಲ್ಲ ಬಟ್ಟೆ ಒಣಹಾಕುವ ಕಡೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅದೇ ವಾರ ನೆಡ್ ಮಾವ ಬಂದ. ಅಮ್ಮೋರ ಹೊಲದಲ್ಲಿ ಈಗಲೂ ದುಡಿಯುತ್ತಿದ್ದಾನಲ್ಲ, ಅವನೇ. ಪಟ್ಟಣಕ್ಕೆ ಗೊಬ್ಬರ ತರಲು ಬಂದವನು ಅಮ್ಮೋರು ನನಗೆಂದು ಬರೆದ ಕಾಗದ ತಂದಿದ್ದ.

'ಏನವ್ವಾ, ಪಂಡಿತಮ್ಮ ಆಗ್ಬುಟ್ಟಿದ್ದೀಯಲ್ಲ! ಅಮ್ಮೋರ ಸೊಂಟ ಬಿದ್ದೋಗದೆ. ಒಲೆ ಮುಂದೆ ನಿಲ್ಲಕ್ಕೆ ಒಬ್ರೂ ಸಿಗ್ತಿಲ್ಲ. ಬಂದೋಳು ವಾರ ಇದ್ದು ಓಡೋಯ್ತಾಳೆ' ಎಂದ.

'ಯಾಕೆ ಮಾವ?'

'ಯಾಕೇಂದ್ರೆ? ಈಗ ಓಡೋಗ್ಬೌದಲ್ಲ, ಅದ್ಕೆ.'

ಕಾಗದಕ್ಕೆ ಲ್ಯಾವೆಂಡರ್ ಪುಡಿ ಹಾಕಿದ್ದರು. ಆ ವಾಸನೆ ನಿನಗೆ ಗೊತ್ತು, ಅವರ ಹಾಸಿಗೆಬಟ್ಟೆಯ ನಡುವೆ ನೀನೇ ಇಡುತ್ತಿದ್ದ ಗಂಟುಗಳದ್ದು. ಒಳಗೆ ಬರೆದಿತ್ತು: ನಿನ್ನ ತಾಯಿ ನಮ್ಮ ಮನೆಯವಳು, ನೀನೂ ನಮ್ಮ ಮನೆಯವಳು, ಯುದ್ಧ ನಮ್ಮನ್ನು ಬೇರೆ ಮಾಡಿತು, ಮನಸ್ಸುಗಳು ಬೇರೆಯಾಗಿಲ್ಲ, ಆಕೆಯ ಕೈಯ ಬಿಸ್ಕತ್ತು ತಿಂದು ನಾಲ್ಕು ವರ್ಷವಾಯಿತು, ತಾಯಿಗೆ ಒಂದು ಮಾತು ಹೇಳು.

ಮನೆಯವಳು! ಒಟ್ಟಿಗೆ ಕೂತು ಉಣ್ಣುವವರು ಮನೆಯವರು. ನೀನು ಇಪ್ಪತ್ತಾರು ವರ್ಷ ಅವರ ಕುರ್ಚಿಯ ಹಿಂದೆ ನಿಂತು ನೊಣ ಓಡಿಸಿದೆ. ನನ್ನನ್ನು ಯಾವ ಲೆಕ್ಕದಲ್ಲಿ ಮನೆಯವಳು ಎಂದರು? ನನ್ನ ಮೂಗು, ನನ್ನ ಈ ಅರೆಬಿಳಿ ಮೈಬಣ್ಣ ತೀರಿಹೋದ ಧಣಿಯದು ಎಂದು ಆಕೆಗೆ ಗೊತ್ತು. ನಿನಗಂತೂ ಗೊತ್ತೇ ಇದೆ. ಹತ್ತೊಂಬತ್ತು ವರ್ಷ ಅದರ ಬಗ್ಗೆ ತುಟಿ ಬಿಚ್ಚದವರು ಈಗ ಬಿಸ್ಕತ್ತಿಗಾಗಿ ನೆಂಟಸ್ತನ ತೆಗೆಯುತ್ತಿದ್ದಾರೆ. ಓದಿದ ಮೇಲೆ ಬಾವಿಯ ಹತ್ತಿರ ಹೋಗಿ ಕೈ ತೊಳೆದೆ. ವಾಸನೆ ಹೋಗಲಿಲ್ಲ.

ನೀನು ಹೇಳುವುದೂ ನನಗೆ ಕೇಳಿಸುತ್ತಿದೆ. 'ಬಾಯಿ ಬಿಗಿ ಹಿಡಿ ಮಗ. ನಮ್ಮ ಪ್ರೈಮಸ್‌ಗೆ ಕೇಳ್ದೇನೇ ಪಾಸು ಬರ್ಕೊಟ್ಟೋರು ಅವ್ರು. ದಾರೀಲಿ ಕಳ್ರು ಹೊತ್ಕಂಡೋದ್ರೆ ಅವ್ರೇನ್ ಮಾಡಾರು?' ಈ ಮಾತನ್ನು ಎಷ್ಟು ಸಲ ಹೇಳಿದ್ದೀಯೋ. ಅಮ್ಮೋರ ಮೇಲಿನ ನಿನ್ನ ನಂಬಿಕೆಯೆಲ್ಲ, ಹೊಲದ ಗಡಿ ದಾಟಲು ಅಣ್ಣನಿಗೆ ಕೊಟ್ಟ ಅಪ್ಪಣೆ ಚೀಟಿ, ಆ ಒಂದು ಪಾಸಿನ ಮೇಲೆ ನಿಂತಿದೆ.

ಒಂಬತ್ತು ವರ್ಷದ ಹಿಂದಿನ ಆ ಶನಿವಾರ ನಿನಗೆ ಹೇಗೆ ನೆನಪಿದೆಯೋ ನನಗೂ ಹಾಗೇ ನೆನಪಿದೆ. ಮಧ್ಯಾಹ್ನ ಅಣ್ಣ ಅಡುಗೆಮನೆಯ ಅಂಗಳಕ್ಕೆ ಓಡಿಬಂದ. 'ಅಮ್ಮೋರು ಪಾಸು ಕೊಟ್ರು ಕಣವ್ವಾ! ನಾನ್ ಕೇಳೇ ಇರ್ಲಿಲ್ಲ! ಸೂಕಿ ಹೆತ್ತು ಹದಿನೈದ್ ದಿನ ಆಯ್ತಲ್ಲ, ಹೋಗಿ ಮಗೀನ ನೋಡ್ಕಂಡ್ ಬಾ ಅಂದ್ರು. ದಾರೀಲಿ ಗಿರಣಿ ಬ್ರಾಂಟ್ ಸಾಹೇಬ್ರಿಗೆ ಮೊದ್ಲು ತೋರ್ಸು ಅಂದ್ರು.'

'ಅದ್ರಾಗೇನ್ ಬರ್ದವ್ರೋ ಯಾರ್ ಕಂಡವ್ರೆ?' ಎಂದು ನೀನು ಅನುಮಾನಪಟ್ಟೆ. ಹೌದು ಅವ್ವ, ಆ ದಿನ ಅನುಮಾನ ಬಂದದ್ದು ನಿನಗೊಬ್ಬಳಿಗೇ.

'ನಮ್ ಜಿಲ್ಫಾ ಇಲ್ವಾ? ಅಮ್ಮೋರ ಮಗ್ಳು ಚಿಕ್ಕಮ್ಮೋರು ಅವ್ಳಿಗೆ ಅಕ್ಸರ ಕಲ್ಸವ್ರೆ' ಎಂದು ಅಣ್ಣ ನನ್ನನ್ನು ಎತ್ತಿ ನೀರಿನ ಪೀಪಾಯಿಯ ಮೇಲೆ ನಿಲ್ಲಿಸಿದ. ನನಗೆ ಹತ್ತು ವರ್ಷ. ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ನಾನು ಕಾಗದ ಹಿಡಿದು ಗಟ್ಟಿಯಾಗಿ ಓದಿದೆ: 'ಪ್ರೈಮಸ್ ಹೆಂಡತಿಯನ್ನು ನೋಡಲು ಹೋಗುತ್ತಿದ್ದಾನೆ. ಸೋಮವಾರ ಹೊತ್ತು ಹುಟ್ಟುವ ತನಕ ಬಿಡಿ. ಯಾರೂ ಹೊಡೆಯಬೇಡಿ.' ನೀನು ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಯಲ್ಲಿ ಕಣ್ಣೊರೆಸಿಕೊಂಡೆ. ಸೂಕಿಗೆಂದು ಬೆಲ್ಲದ ಪಾಕ ಹಾಕಿದ ರೊಟ್ಟಿ ಕಟ್ಟಿಕೊಟ್ಟೆ. ಅದೇ ಕೊನೆ.

ಬುಧವಾರ ಅಮ್ಮೋರು ಅಳುತ್ತಾ ಅಡುಗೆಮನೆಗೆ ಬಂದು, ಮನುಷ್ಯರನ್ನು ಕದಿಯುವವರು ಅವನನ್ನು ದಾರಿಯಲ್ಲಿ ಹಿಡಿದು ದಕ್ಷಿಣಕ್ಕೆ ಸಾಗಿಸಿದರಂತೆ ಎಂದರು. ನೀನು ಅವರನ್ನು ನಿನ್ನ ಮಣೆಯ ಮೇಲೆ ಕೂರಿಸಿ, ಬಿಸಿ ಕಷಾಯ ಕೊಟ್ಟು, 'ಅಳ್ಬ್ಯಾಡಿ ಅಮ್ಮೋರೆ, ನಿಮ್ ತಪ್ಪೇನೈತೆ' ಎಂದು ಬೆನ್ನು ಸವರಿದೆ. ಮಗನನ್ನು ಕಳೆದುಕೊಂಡವಳು ನೀನು. ಸಮಾಧಾನ ಮಾಡಿಸಿಕೊಂಡವರು ಅವರು.

ಅವ್ವ, ಕಳ್ಳರು ಬಂದಿರಲಿಲ್ಲ. ಅಮ್ಮೋರೇ ಮಾರಿದರು. ಅವನು ಹಿಡಿದುಕೊಂಡು ಹೋದದ್ದು ಪಾಸಲ್ಲ, ಅವನನ್ನೇ ಒಪ್ಪಿಸಿಬಿಡುವ ಕಾಗದ.

ನನಗೆ ಹೇಗೆ ಗೊತ್ತಾಯಿತು ಹೇಳುತ್ತೇನೆ. ಅಣ್ಣ ಹೋದ ಮೇಲೆ, ನನ್ನ ಕಣ್ಣಲ್ಲೇ ಉಳಿದುಹೋಗಿದ್ದ ಆ ಕಾಗದದ ಮೊದಲ ಸಾಲನ್ನು ನಾನು ದಿನವೂ ಬೂದಿಯಲ್ಲಿ ಕಡ್ಡಿಯಿಂದ ಬಿಡಿಸುತ್ತಿದ್ದೆ. ದೊಡ್ಡವಳಾದ ಮೇಲೆ ಅದೇ ಥರ ಪಾಸು ಬರೆದು, ನಿನ್ನನ್ನೂ ಕರೆದುಕೊಂಡು ಅವನನ್ನು ಹುಡುಕಲು ಹೊರಡಬೇಕು ಅಂತ. ಪುಸ್ತಕದ ಅಕ್ಷರವೇ ಬೇರೆ, ದೊಡ್ಡ ಜನ ಕೈಯಲ್ಲಿ ಬರೆಯುವ ಕೂಡಕ್ಷರವೇ ಬೇರೆ. ಬಳ್ಳಿಯಂತೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಅದನ್ನು ಓದುವುದು ನನಗೆ ಬಂದದ್ದು ಈ ವರ್ಷ, ಇಲ್ಲಿ. ನೆಡ್ ಮಾವ ತಂದ ಕಾಗದದ ಕೊನೆಗೆ ಅಮ್ಮೋರು, 'ಈ ಕಾಗದ ತಂದವನ ಕೈಯಲ್ಲೇ ಉತ್ತರ ಕಳಿಸು' ಎಂದು ಬರೆದಿದ್ದರು. 'ಈ ಕಾಗದ ತಂದವನ' ಎಂಬುದನ್ನು ಮತ್ತೆ ಮತ್ತೆ ನೋಡಿದೆ. ನಾನು ಬೂದಿಯಲ್ಲಿ ಬಿಡಿಸುತ್ತಿದ್ದ ಸಾಲು ಶುರುವಾಗುತ್ತಿದ್ದುದೂ ಅದೇ ಸುಳಿಗಳಿಂದ. ಪೆನ್ನು ತೆಗೆದುಕೊಂಡು, ಓದಲು ಹೋಗದೆ, ಹಳೆಯ ಅಭ್ಯಾಸದಂತೆ ಇಡೀ ಸಾಲು ಬಿಡಿಸಿದೆ. ಆಮೇಲೆ ಓದಿದೆ.

'ಈ ಕಾಗದ ತಂದವನನ್ನು ಅಲ್ಲೇ ಇಟ್ಟುಕೊಳ್ಳಿ, ಹಗ್ಗ ಬೇಕಾಗುವುದಿಲ್ಲ, ನಂಬುವ ಹುಡುಗ.'

ನೆಡ್ ಮಾವ ಹೊರಗೆ ಕಾಯುತ್ತಿದ್ದ. ಉತ್ತರವಿಲ್ಲ ಎಂದೆ. 'ಏನೂ ಇಲ್ವಾ? ಒಂದ್ ಸಾಲು?' ಎಂದ. ಅವನನ್ನೂ ಒಂದು ಕಾಗದ ಹೊರಿಸಿ ಕಳಿಸಲು ನನ್ನಿಂದಾಗಲಿಲ್ಲ.

ಚರ್ಚುಗಳಲ್ಲಿ ಓದಿಸಲು ನಾವು ಕಳಿಸಿದ್ದ ಹುಡುಕಾಟದ ಪ್ರಕಟಣೆಯನ್ನು ತಿದ್ದಿ ಮತ್ತೆ ಕಳಿಸಿದ್ದೇನೆ. ಮೊದಲು 'ದಾರಿಯಲ್ಲಿ ಕಳುವಾದ ಪ್ರೈಮಸ್' ಎಂದಿತ್ತು. ಕಳುವಾದವನು ಯಾರಿಗೆ ಗೊತ್ತು? ಈಗ 'ಹ್ಯಾಲಮ್ ಮನೆಯವರು ಬ್ರಾಂಟ್ ಎಂಬುವನ ಗಿರಣಿಯಲ್ಲಿ ಮಾರಿದ ಪ್ರೈಮಸ್, ತಾಯಿ ಟೆಂಪಿ, ಹೆಂಡತಿ ಸೂಕಿ' ಎಂದು ಬರೆದಿದ್ದೇನೆ. ನಾಲ್ಕು ವರ್ಷ ನಾವು ತಪ್ಪು ಹೆಸರಿನಲ್ಲಿ ಹುಡುಕಿದೆವು.

ಬೇಡ ಎಂದರೆ ಹೋಗುವುದಿಲ್ಲ ಎಂದಿದ್ದೀಯ. ಬೇಡ ಅವ್ವ. ಆದರೆ ನಾನು ಹೇಳಿದೆ ಅಂತ ಬೇಡ, ನೀನೇ ಓದಿ ತಿಳಿದು ಬೇಡ ಅನ್ನು. ನಿನ್ನ ಒದ್ದೆ ಕೋಣೆಗೆ ನೀನೇ ಯಜಮಾನಿ. ಅದರ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳಬಹುದು. ಜೂನ್‌ನಲ್ಲಿ ಬರುತ್ತೇನೆ, ಒಗೆಯುವುದು ನಾನು, ಓದುವುದು ನೀನು. ದೇವರು ನಿನ್ನ ಕೈಗಳನ್ನು ಕಾಯಲಿ, ನೀನು ಅಲ್ಲಿ ಹಾಕುವ ಪ್ರತಿ ಹೆಜ್ಜೆಯನ್ನೂ ಕಾಯಲಿ.

ನಿನ್ನ ಮಗಳು,
ಜಿಲ್ಫಾ

ಮತ್ತೆ ಬರೆದದ್ದು: ಇಲ್ಲಿಗೇ ಮಡಿಸಿ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ನೀನು ಈಗಾಗಲೇ ಕೇಳುತ್ತಿದ್ದೀಯ: 'ಮತ್ತೆ ನೀನೇ ಓದ್ದೆಯಲ್ಲೆ, ಪೀಪಾಯಿ ಮೇಲೆ ನಿಂತ್ಕಂಡು?'

ಓದಲಿಲ್ಲ ಅವ್ವ. ಚಿಕ್ಕಮ್ಮೋರು ಟೀಚರ್ ಆಟ ಆಡುತ್ತಾ ಮರದ ಅಚ್ಚುಗಳಲ್ಲಿ ನನಗೆ ಕಲಿಸಿದ್ದು ಹದಿಮೂರೇ ಅಕ್ಷರ. ಇಂಗ್ಲಿಷಿನ ಎ ಇಂದ ಎಂ ತನಕ. ಆಮೇಲೆ ಅವರಿಗೆ ಕುದುರೆಮರಿ ಬಂತು, ಆಟ ನಿಂತಿತು. ಆ ಕಾಗದದಲ್ಲಿ ನನಗೆ ಅಣ್ಣನ ಹೆಸರೂ ಕಾಣಲಿಲ್ಲ. ನೀವೆಲ್ಲ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಿರಿ. ಹಾಗೆ ಯಾರೂ ಯಾವತ್ತೂ ನನ್ನನ್ನು ನೋಡಿರಲಿಲ್ಲ. ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಎಲ್ಲರೂ ಕೇಳಬೇಕೆಂದಿದ್ದ ಮಾತನ್ನೇ ಕಟ್ಟಿ ಹೇಳಿದೆ. ಅಮ್ಮೋರ ಮೇಲೆ ನನಗೆ ಬರುವ ಹೇಸಿಗೆಯಲ್ಲಿ ಅರ್ಧ ನನ್ನ ಮೇಲಿನದು.

ಇನ್ನೂ ಇದೆ. ಗೇಟಿನ ತನಕ ಅಣ್ಣನ ಜೊತೆ ಹೋಗಿದ್ದೆ. 'ಇನ್ನೊಂದ್ಸಲ ಓದು ತಂಗಿ, ಬಾಯಿಪಾಠ ಮಾಡ್ಕತೀನಿ. ಗಸ್ತಿನೋರು ಹಿಡ್ಕಂಡ್ರೆ ಹೇಳಕ್ಕಾಯ್ತದೆ' ಎಂದ. ನಾನು ಮೊದಲು ಹೇಳಿದ್ದು ನನಗೇ ಮರೆತುಹೋಗಿತ್ತು. 'ಮಂಗಳವಾರದ ತನಕ ಬಿಡಿ' ಎಂದು ಓದಿದೆ.

ಅಣ್ಣ ನನ್ನ ಮುಖ ನೋಡಿದ. ಆಮೇಲೆ ನಕ್ಕ. 'ಅಂಗಳ ದಾಟೋದ್ರೊಳ್ಗೆ ಒಂದಿನ ಜಾಸ್ತಿ ಆಯ್ತಲ್ಲೇ! ಭಾಳ ಒಳ್ಳೆ ಕಾಗದ ಇದು' ಎಂದ. ತಿರುಗಿ ಅಂಗಳದ ಕಡೆ ನೋಡಿದ. ನೀನು ಇನ್ನೂ ಕೈ ಬೀಸುತ್ತಿದ್ದೆ. ಅಲ್ಲಿಂದಲೇ ಹಿಂದಕ್ಕೆ ಬಂದು, ಇವಳಿಗೆ ಓದಲು ಬರುವುದಿಲ್ಲ ಎಂದು ಅವನು ಎಲ್ಲರ ಮುಂದೆ ಹೇಳಬಹುದಿತ್ತು. ಕಾಗದವನ್ನು ಮಡಿಸಿ ಹ್ಯಾಟಿನೊಳಗೆ ಇಟ್ಟುಕೊಂಡ. ಬಗ್ಗಿ ನನ್ನ ಕಿವಿಯಲ್ಲಿ, 'ಯಾರ್ಗೂ ಹೇಳಲ್ಲ ಬಿಡು' ಎಂದು, ಗಿರಣಿಯ ದಾರಿ ಹಿಡಿದ.